ಸಿಸ್ಟರ್‌ಗೆ ಹದಿನೇಳು ಪ್ರಶ್ನೆ

2016ರ ಜೂನ್ 12ರ ನಸುಕಿನಲ್ಲಿ ಅಮೆರಿಕದ ಒರ್ಲ್ಯಾಂಡೊದ ಪಲ್ಸ್ ನೈಟ್‌ಕ್ಲಬ್‌ಗೆ ನುಗ್ಗಿದ ಬಂದೂಕುಧಾರಿ 49 ಜನರನ್ನು ಕೊಂದ. ಗಾಯಗೊಂಡವರಲ್ಲಿ ಹೆಚ್ಚಿನವರನ್ನು ಹೊತ್ತು ತಂದದ್ದು ಕೂಗಳತೆಯಲ್ಲಿದ್ದ ಒರ್ಲ್ಯಾಂಡೊ ರೀಜನಲ್ ಮೆಡಿಕಲ್ ಸೆಂಟರಿಗೆ. ಅಲ್ಲಿನ ಸರ್ಜನ್ ಒಬ್ಬರ ರಕ್ತ ಮೆತ್ತಿದ ಶೂಗಳ ಫೋಟೊ ಆಮೇಲೆ ಊರೂರು ಸುತ್ತಿತು. ಅದೇ ನೆಲದ ಮೇಲೆ ಬೆಳಗಿನವರೆಗೂ ಓಡಾಡಿದ ನರ್ಸುಗಳ ಶೂ ಯಾರ ಕಣ್ಣಿಗೂ ಬೀಳಲಿಲ್ಲ.

ಅವರಂಥವರ ಪಾಡಿಗೆ ಮೊದಲೇ ಇದ್ದದ್ದು ಒಂದು ಹೆಸರು: ದ್ವಿತೀಯಕ ಆಘಾತದ ಒತ್ತಡ. ಪೆಟ್ಟು ತಿಂದವರು ಬೇರೆ, ಅದರ ಬಾಧೆ ಹತ್ತಿರ ನಿಂತು ಆರೈಕೆ ಮಾಡಿದವರಿಗೂ ತಗಲುತ್ತದೆ ಎಂಬುದು ಇದರ ಅರ್ಥ. ಅದನ್ನು ಅಳೆಯಲು ಸಂಶೋಧಕ ಬ್ರಯಾನ್ ಬ್ರೈಡ್ ಮತ್ತು ಜೊತೆಗಾರರು 2004ರಲ್ಲಿ ಹದಿನೇಳು ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿದರು. ಬೇಡವೆಂದರೂ ನೆನಪು ನುಗ್ಗುತ್ತದೆಯೇ, ನಿದ್ದೆ ಹತ್ತುತ್ತದೆಯೇ, ಸಣ್ಣ ಸದ್ದಿಗೂ ಬೆಚ್ಚುತ್ತೀರಾ ಎಂದು ಅದು ಕೇಳುತ್ತದೆ. ಅದರ ಉಪಕಾರ ಸಣ್ಣದಲ್ಲ. 'ಈ ಕೆಲಸಕ್ಕೆ ಬಂದ ಮೇಲೆ ಇದೆಲ್ಲ ಇದ್ದದ್ದೇ' ಎಂದು ಬಾಯಿ ಮುಚ್ಚಿಸುತ್ತಿದ್ದ ಹಿರಿಯರ ಮುಂದೆ ಇಡಲು ಒಂದು ಅಂಕಿ ಸಿಕ್ಕಿತು.

ಆದರೆ ಮಾಪಕ ಹೊಲಿದದ್ದು ಸಮಾಜ ಕಾರ್ಯಕರ್ತರ ಅಳತೆಗೆ. ಅದರ ಪ್ರಶ್ನೆಗಳಲ್ಲಿ ಬರುವವನು 'ಕ್ಲೈಂಟ್': ಎದುರು ಕೂತು ತನ್ನ ಕಥೆ ಹೇಳುವವನು. ಕ್ಯಾಶುಯಾಲ್ಟಿಯ ಸಿಸ್ಟರ್‌ಗೆ ಕಥೆ ಕೇಳಲು ಪುರುಸೊತ್ತೆಲ್ಲಿ? ಎಷ್ಟೋ ಸಲ ಸ್ಟ್ರೆಚರ್ ಮೇಲಿರುವವರ ಹೆಸರೂ ಗೊತ್ತಿರುವುದಿಲ್ಲ. ಅವಳು ಅಂಗಿ ಕತ್ತರಿಸುತ್ತಾಳೆ, ನರ ಹುಡುಕುತ್ತಾಳೆ, ಗಾಯದ ಮೇಲೆ ಅಂಗೈ ಒತ್ತಿ ಹಿಡಿಯುತ್ತಾಳೆ. ಇದು ಕಿವಿಯಿಂದ ಒಳಗಿಳಿದ ನೋವಲ್ಲ, ಕೈಗೇ ಹತ್ತಿದ್ದು.

'ದ್ವಿತೀಯಕ' ಎಂಬ ಮಾತೇ ನನಗೆ ಒಗ್ಗದ್ದು ಇದಕ್ಕೇ. ಒರ್ಲ್ಯಾಂಡೊದಲ್ಲಿ ಬಂದೂಕುಧಾರಿ ಆಸ್ಪತ್ರೆಗೇ ಬಂದಿದ್ದಾನೆಂಬ ಸುದ್ದಿ ಹಬ್ಬಿ, ಸಿಬ್ಬಂದಿ ರೋಗಿಗಳ ಜೊತೆ ಬಾಗಿಲಿಗೆ ಅಡ್ಡ ಕಟ್ಟಿಕೊಂಡು ನಿಂತಿದ್ದರು. ಸುದ್ದಿ ಸುಳ್ಳಾಗಿತ್ತು, ಸರಿ. ಆ ಹೊತ್ತಿನ ಭಯ ಸುಳ್ಳೇ? ಮುಂಬೈಯ ಕಾಮಾ ಆಸ್ಪತ್ರೆಯಲ್ಲಂತೂ 2008ರ ನವೆಂಬರ್ 26ರ ರಾತ್ರಿ ಉಗ್ರರ ಬಂದೂಕು ನಿಜವಾಗಿಯೇ ಆವರಣಕ್ಕೆ ಬಂದಿತ್ತು. ನರ್ಸ್ ಅಂಜಲಿ ಕುಲಥೆ ವಾರ್ಡಿನ ಇಪ್ಪತ್ತು ಗರ್ಭಿಣಿಯರನ್ನು ಪುಟ್ಟ ಪ್ಯಾಂಟ್ರಿಯೊಳಗೆ ಸೇರಿಸಿ ಕಾಪಾಡಿದರು. ಹೆರಿಗೆ ನೋವು ಶುರುವಾದ ಒಬ್ಬಾಕೆಯನ್ನು ಆ ಗುಂಡಿನ ಸದ್ದಿನ ನಡುವೆಯೇ ಹೆರಿಗೆ ವಾರ್ಡಿಗೆ ಕರೆದೊಯ್ದರು. ಇಂಥ ನರ್ಸುಗಳ ಆಘಾತದಲ್ಲಿ ಎಷ್ಟು ಸ್ವಂತದ್ದು, ಎಷ್ಟು ಪರರದ್ದು ಎಂದು ಯಾವ ತಕ್ಕಡಿ ತೂಗೀತು?

ಇನ್ನು ಮದ್ದಿನ ಮಾತು. ಘಟನೆಯಾದ ಕೂಡಲೇ ಎಲ್ಲರನ್ನೂ ಸುತ್ತ ಕೂರಿಸಿ ಒಮ್ಮೆ ಮಾತಾಡಿಸಿ ಕಳಿಸುವ 'ಡಿಬ್ರೀಫಿಂಗ್' ಪದ್ಧತಿಯನ್ನು ಜೆಫ್ರಿ ಮಿಚೆಲ್ 1983ರಲ್ಲಿ ಮುಂದಿಟ್ಟರು. ಒಬ್ಬೊಬ್ಬರನ್ನೇ ಒಂದು ಸಲ ಕೂರಿಸಿ ಮಾತಾಡಿಸುವ ಇಂಥದೇ ಕ್ರಮದ ಪ್ರಯೋಗಗಳನ್ನು 2002ರ ಕಾಕ್ರೇನ್ ಪರಾಮರ್ಶೆ ಒರೆಗೆ ಹಚ್ಚಿ, ಅದು ಆಘಾತೋತ್ತರ ಮಾನಸಿಕ ಬಾಧೆಯನ್ನು ತಡೆಯುವುದಿಲ್ಲವೆಂದಿತು. ಆದರೂ ಆಡಳಿತಗಳಿಗೆ ಇಂಥ ಒಂದೇ ಸಲದ ಸಭೆ ಇಷ್ಟ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿದರೆ ಮುಗಿಯಿತು. ನೈಟ್ ಡ್ಯೂಟಿ ಪಟ್ಟಿ ತಿದ್ದಬೇಕಿಲ್ಲ, ರಜೆ ಕೊಡಬೇಕಿಲ್ಲ, ಹೆಚ್ಚಿನ ಕೈಗಳನ್ನು ನೇಮಿಸಬೇಕಿಲ್ಲ. ಮಾಪಕವೂ ಡ್ಯೂಟಿ ಪಟ್ಟಿಯ ಬಗ್ಗೆ ಸೊಲ್ಲೆತ್ತುವುದಿಲ್ಲ.

ಮಾಪಕದ ಪ್ರಶ್ನೆಗಳೆಲ್ಲ ಹಿಂದಿನ ಏಳು ದಿನಗಳಿಗೆ ಸೇರಿದವು. ಕುಲಥೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೆದುರು ವಿಡಿಯೊ ಮೂಲಕ ಆ ರಾತ್ರಿಯನ್ನು ಬಿಚ್ಚಿಟ್ಟದ್ದು 2022ರ ಡಿಸೆಂಬರ್‌ನಲ್ಲಿ, ಹದಿನಾಲ್ಕು ವರ್ಷಗಳ ಮೇಲೆ.