ಗೆರೆಯೂ ಅಳತೆಯೂ: ಪ್ರತಿಕಾಯಗಳ ಕ್ಷಿಪ್ರಪರೀಕ್ಷೆಯ ವಿಮರ್ಶೆ

2020ನೆಯ ಇಸವಿಯ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಮಂಡ್ಯ ಜಿಲ್ಲೆಗೆ ಮರಳಿದವರಲ್ಲಿ, ವಿಶೇಷವಾಗಿ ಕೃಷ್ಣರಾಜಪೇಟೆ ತಾಲ್ಲೂಕಿನವರಲ್ಲಿ, ಕೋವಿಡ್ ಸೋಂಕು ಹೆಚ್ಚಾಗಿ ಕಂಡುಬಂದಿತು. ಯಾರಿಗೆ ಸೋಂಕು ತಗುಲಿ ಹೋಗಿದೆ, ಯಾರ ಮೈಯಲ್ಲಿ ಪ್ರತಿಕಾಯಗಳು ಎಷ್ಟಿವೆ ಎಂಬುದನ್ನು ಬೆರಳಿನ ಒಂದು ತೊಟ್ಟು ರಕ್ತದಿಂದ ಕಾಲುಗಂಟೆಯಲ್ಲಿ ತಿಳಿಯುವಂತಿದ್ದರೆ ಇಂತಹ ಊರುಗಳಿಗೆ ಮಹದುಪಕಾರವಾಗುತ್ತಿತ್ತು. ಕ್ಷಿಪ್ರಪರೀಕ್ಷೆಯ ಪಟ್ಟಿಗೆ ಈ ಯೋಗ್ಯತೆಯುಂಟೆ ಎಂಬುದು ವಿಚಾರಾರ್ಹವಾದುದು.

ನೈಟ್ರೋಸೆಲ್ಯುಲೋಸ್ ಪಟ್ಟಿಯ ಮೇಲೆ ರಕ್ತದ್ರವವು ಹರಿಯುವಾಗ ಪ್ರತಿಕಾಯಗಳು ಚಿನ್ನದ ಸೂಕ್ಷ್ಮಕಣಗಳೊಡನೆ ಕೂಡಿ, ನಿಯತಸ್ಥಾನದಲ್ಲಿ ಸಿಕ್ಕಿ, ಕೆಂಪು ಗೆರೆಯಾಗಿ ತೋರುತ್ತವೆ. ಪ್ರತಿಕಾಯ ಹೆಚ್ಚಿದಂತೆ ಗೆರೆ ಗಾಢವಾಗುವುದು ನಿಜ. ಆದರೆ ಅದಕ್ಕೊಂದು ಮೇರೆಯುಂಟು. ಗೆರೆಯ ಸ್ಥಾನಗಳೆಲ್ಲ ತುಂಬಿದ ಮೇಲೆ ಬಣ್ಣ ಏರದು. ಕೆಲವು ರಚನೆಗಳಲ್ಲಿ ಅತಿಶಯವಾದ ಪ್ರಮಾಣವಿದ್ದಾಗ ಅದು ಮಸುಕಾಗುವುದೂ ಉಂಟು. ನೋಡುವವರ ಕಣ್ಣು, ಬೆಳಕು, ಓದಿದ ಹೊತ್ತು ಇವುಗಳಿಂದಲೂ ನಿರ್ಣಯ ಬದಲಾಗುತ್ತದೆ. ಆದುದರಿಂದ ಬರಿಗಣ್ಣಿಗೆ ಪಟ್ಟಿಯು ಹೇಳುವುದು ಉಂಟು, ಇಲ್ಲ ಎಂಬಿಷ್ಟೇ. ಅಳತೆ ಎನಿಸಬೇಕಾದರೆ ಬಣ್ಣವನ್ನು ಓದುವ ಯಂತ್ರವೂ, ಗೊತ್ತಾದ ಪ್ರಮಾಣಗಳ ಮಾದರಿಗಳೊಡನೆ ಹೋಲಿಕೆಯೂ ಆವಶ್ಯಕ. ಅಂತಹ ಹೋಲಿಕೆಗೆ ಆಧಾರವಾದ ಅಂತರರಾಷ್ಟ್ರೀಯ ಪ್ರಮಾಣದ್ರವ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯು ಅಂಗೀಕರಿಸಿದ್ದು 2020ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲೇ, ಏಪ್ರಿಲ್ ತಿಂಗಳಿನಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಇಂತಹ ಕೆಲವು ಪಟ್ಟಿಗಳ ಬಳಕೆಯನ್ನು ನಿಲ್ಲಿಸಿ ಹಿಂದಿರುಗಿಸುವಂತೆ ರಾಜ್ಯಗಳಿಗೆ ತಿಳಿಸಬೇಕಾಯಿತು.

ದೋಷವೆಲ್ಲ ಪಟ್ಟಿಯದೇ ಎನ್ನುವುದು ನ್ಯಾಯವಲ್ಲ. ಪ್ರಯೋಗಶಾಲೆಯ ಎಲೈಸಾ ಪರೀಕ್ಷೆಯನ್ನೇ ಬಳಸಿದ ಎರಡು ಸಮೀಕ್ಷೆಗಳು ಕರ್ಣಾಟಕದಲ್ಲಿ ನಡೆದುವು. 2020ರ ಜೂನ್ ಮಧ್ಯದಿಂದ ಆಗಸ್ಟ್ ಕಡೆಯವರೆಗೆ ಮನೆಮನೆಗಳಲ್ಲಿ ನಡೆದುದು ಶೇಕಡ 46.7 ಮಂದಿಯಲ್ಲಿ ಪ್ರತಿಕಾಯಗಳುಂಟೆಂದು ಅಂದಾಜು ಮಾಡಿತು. ಸೆಪ್ಟೆಂಬರಿನಲ್ಲಿ ಆಸ್ಪತ್ರೆಗಳ ಮೂಲಕ ನಡೆದ ಸರಕಾರದ ಸಮೀಕ್ಷೆಗೆ ಶೇಕಡ 16ರಿಂದ 17ರ ನಡುವೆ ಮಾತ್ರ ಕಂಡಿತು. ಸೋಂಕು ಹಬ್ಬುತ್ತಿದ್ದ ಕಾಲದಲ್ಲಿ ಹಿಂದಿನ ಸಂಖ್ಯೆಯೇ ದೊಡ್ಡದಾದುದು ಹೇಗೆ? ಜನರನ್ನು ಆರಿಸಿದ ಕ್ರಮ ಬೇರೆ. ವೈರಾಣುವಿನ ಒಂದು ಭಾಗವನ್ನು ಒಂದು ಪರೀಕ್ಷೆಯೂ ಇಡಿಯ ವೈರಾಣುವನ್ನು ಇನ್ನೊಂದೂ ಬಳಸಿದುದರಿಂದ ಹಿಡಿದ ಪ್ರತಿಕಾಯಗಳೂ ಬೇರೆ. ಯಾವುದನ್ನು ಅಳೆದೆವೆಂಬುದನ್ನು ಹೇಳದೆ ಎಷ್ಟೆಂದು ಹೇಳುವುದು ಅಪೂರ್ಣವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಗಣಿತವೂ ಇದನ್ನೇ ಸೂಚಿಸುತ್ತದೆ. ಸಾವಿರ ಮಂದಿಯಲ್ಲಿ 50 ಮಂದಿಗೆ ಸೋಂಕು ಆಗಿಹೋಗಿದೆಯೆಂದೂ, ಪಟ್ಟಿಯು ಅವರಲ್ಲಿ ಶೇಕಡ 90 ಮಂದಿಯನ್ನು ಹಿಡಿದು, ಉಳಿದವರಲ್ಲಿ ಶೇಕಡ 5 ಮಂದಿಯನ್ನು ತಪ್ಪಾಗಿ ಹಿಡಿಯುವುದೆಂದೂ ಇಟ್ಟುಕೊಂಡರೆ, ನಿಜವಾದ ಗೆರೆಗಳು 45, ಸುಳ್ಳು ಗೆರೆಗಳು ಸುಮಾರು 48. ಗೆರೆ ಕಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕೇ ಆಗಿರದು.

ಸಮೂಹದ ಸ್ಥಿತಿಯನ್ನು ಸ್ಥೂಲವಾಗಿ ಅರಿಯಲು, ದೋಷವನ್ನು ಲೆಕ್ಕಕ್ಕೆ ತಂದುಕೊಂಡು, ಪಟ್ಟಿಯನ್ನು ಬಳಸಬಹುದು. ಒಬ್ಬನಿಗೆ ರಕ್ಷೆಯಿದೆಯೆಂದು ಅಭಯವೀಯಲು ಅದು ಸಾಲದು. ಇಷ್ಟು ಪ್ರತಿಕಾಯವಿದ್ದರೆ ನಿರ್ಭಯವೆಂಬ ಸರ್ವಸಮ್ಮತವಾದ ಮೇರೆ ಇಂದಿಗೂ ಇಲ್ಲ. ಗಾಢವಾದ ಗೆರೆಯನ್ನು ನಂಬಿ ಮುದಿ ತಾಯಿತಂದೆಗಳಿರುವ ಮನೆಯನ್ನು ಹೊಗುವವನ ತಪ್ಪಿಗೆ, ಉತ್ತರವನ್ನು ಅಳತೆಯೆಂದು ಕರೆದವರೂ ಹೊಣೆಗಾರರೇ.