ಒಂದು ಓಟು, ಒಂದು ನೋಟು: ‘ಅವಸ್ಥೆ’ಯನ್ನು ಮತ್ತೆ ಓದಿದಾಗ

ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ 1978ರಲ್ಲಿ, ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಹೊರಬಂದ ಕಾದಂಬರಿ. ಮೊದಲ ಸಲ ಅದನ್ನು ನಾನು ಒಬ್ಬ ಸತ್ಪುರುಷನ ಪತನದ ಕಥೆಯೆಂದು ಓದಿದ್ದೆ. ಈಚೆಗೆ ಮತ್ತೆ ಕೈಗೆತ್ತಿಕೊಂಡಾಗ ಬೇರೊಂದು ಪ್ರಶ್ನೆ ಎದ್ದಿತು: ವಿರೋಧಪಕ್ಷವೊಂದು ಯಾರ ಅನ್ನದ ಮೇಲೆ ಬದುಕಬೇಕು?

ನಾಯಕ ಕೃಷ್ಣಪ್ಪಗೌಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾನೆ. ಅವನ ಹಿಂದೆ ಶಾಂತವೇರಿ ಗೋಪಾಲಗೌಡರ ನೆರಳಿರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಕಾದಂಬರಿ ಜೀವನಚರಿತ್ರೆಯಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೇ ಕೃತಿಯ ಬಲವೂ ಮಿತಿಯೂ ತಿಳಿಯುತ್ತವೆ.

1951ರಲ್ಲಿ ಸಾಗರದ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಧಣಿಗಳು ಗೇಣಿಯ ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದೆಂಬುದು ಅವರ ದೂರು. ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಮರುವರ್ಷದ ಮೊದಲ ಮಹಾಚುನಾವಣೆಯಲ್ಲಿ ಸಾಗರ–ಹೊಸನಗರದ ಜನ ಗೋಪಾಲಗೌಡರನ್ನು ಆರಿಸಿ ಕಳಿಸಿದರು. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿನವು. ಸಮಾಜವಾದಿಗಳಿಗೆ ಬಂದದ್ದು ಮೂರೇ ಮೂರು. ‘ಒಂದು ಓಟು, ಒಂದು ನೋಟು’ ಎಂಬುದು ಆ ಚುನಾವಣೆಯ ನೆನಪಾಗಿ ಉಳಿದಿರುವ ಮಾತು. ಮತದಾರನೇ ಖರ್ಚನ್ನೂ ಕೊಟ್ಟಾಗ ಶಾಸಕ ಮತ್ತಾರಿಗೂ ಋಣಿಯಲ್ಲ. ಗೋಪಾಲಗೌಡರು 1957ರಲ್ಲಿ ಸೋತರೂ ತೀರ್ಥಹಳ್ಳಿಯ ಕಡೆಯಿಂದ 1962 ಮತ್ತು 1967ರಲ್ಲಿ ಮರಳಿ ಗೆದ್ದು ಬಂದರು.

ಕಾದಂಬರಿಯ ಕೃಷ್ಣಪ್ಪನಿಗೆ ಈ ನಿರಾಳತೆ ಇಲ್ಲ. ಗುತ್ತಿಗೆದಾರ ವೀರಣ್ಣನ ಔದಾರ್ಯ ಅವನ ಸುತ್ತ ಮೆಲ್ಲಗೆ ಹಬ್ಬುತ್ತದೆ. ಶಾಸಕರ ಲೆಕ್ಕ ಹಿಡಿದು ಬಂದವರು ಅಧಿಕಾರದ ಆಸೆ ತೋರಿಸುತ್ತಾರೆ. ಇಲ್ಲಿ ಯಾರೂ ಪಕ್ಷವನ್ನು ನಿಷೇಧಿಸುವುದಿಲ್ಲ, ಯಾರ ಬಾಯನ್ನೂ ಕಟ್ಟುವುದಿಲ್ಲ, ಉಪಕಾರವೊಂದೇ ಸಾಕಾಗುತ್ತದೆ. ವಿರೋಧಿಸುವ ಸ್ವಾತಂತ್ರ್ಯ ಹೀಗೆ ಸದ್ದಿಲ್ಲದೆ ಸವೆಯುವುದನ್ನು ಇಷ್ಟು ನಿಷ್ಠುರವಾಗಿ ಕಾಣಿಸಿದ ಕೃತಿ ಕನ್ನಡದಲ್ಲಿ ವಿರಳವೆಂದೇ ನನ್ನ ಎಣಿಕೆ.

ನನ್ನ ಆಕ್ಷೇಪವೂ ಒಂದಿದೆ. ಕೃಷ್ಣಪ್ಪನ ಅಂತರಂಗದ ತುಮುಲ ಬೆಳೆದಂತೆಲ್ಲ ಗೇಣಿದಾರರು ಕಣ್ಮರೆಯಾಗುತ್ತಾರೆ. ನಾಯಕನ ಆತ್ಮಶುದ್ಧಿಯೇ ರಾಜಕೀಯದ ಅಂತಿಮ ಪ್ರಶ್ನೆಯೆಂಬಂತೆ ಕಥೆ ಸಾಗುತ್ತದೆ. ಕಾಗೋಡಿನ ಪಾಠ ಅದಲ್ಲ. ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. ಎರಡು ವರ್ಷಗಳ ತರುವಾಯ ದೇವರಾಜ ಅರಸರ ಸರ್ಕಾರ ಉಳುವವನಿಗೆ ಭೂಮಿಯ ಒಡೆತನ ಕೊಡುವ ಶಾಸನ ತಂದಿತು. ಮೂವರು ಶಾಸಕರ ಪಕ್ಷ ಎತ್ತಿದ ಕೂಗನ್ನು ಕೊನೆಗೆ ಆಳುವ ಪಕ್ಷವೇ ಕಾನೂನಾಗಿ ಬರೆಯಬೇಕಾಯಿತು. ವಿರೋಧಪಕ್ಷ ಗದ್ದುಗೆ ಏರದೆಯೂ ಗೆಲ್ಲಬಲ್ಲದೆಂಬ ಈ ಸತ್ಯಕ್ಕೆ ‘ಅವಸ್ಥೆ’ಯಲ್ಲಿ ಎಡೆ ಸಿಕ್ಕಿಲ್ಲ.

ಆದರೂ ಚುನಾವಣೆ ಬಂದಾಗಲೆಲ್ಲ ಈ ಪುಸ್ತಕವನ್ನು ತೆಗೆದು ಓದಬೇಕು. ಓಟು ನಮ್ಮದೇ ಆಗಿ ಉಳಿದಿದೆ. ನೋಟು ಯಾರದೆಂದು ಕೇಳುವ ಅಭ್ಯಾಸ ಮಾತ್ರ ನಮಗೆ ತಪ್ಪಿಹೋಗಿದೆ.