ವಸಿಷ್ಠನ ಸಂದೇಶವೂ ಅಜನ ಶೋಕವೂ: ಸಿ. ಎಸ್. ಲೂಯಿಸನ ಎರಡು ಗ್ರಂಥಗಳು

ರಘುವಂಶದ ಎಂಟನೆಯ ಸರ್ಗದಲ್ಲಿ ಇಂದುಮತಿಯನ್ನು ಕಳೆದುಕೊಂಡ ಅಜಮಹಾರಾಜನಿಗೆ ವಸಿಷ್ಠನು ಶಿಷ್ಯನ ಮುಖಾಂತರ ಸಂದೇಶವನ್ನು ಕಳುಹಿಸುವುದು ವಾಚಕರಿಗೆ ವಿದಿತವೇ ಆಗಿದೆ. ಆ ಸಂದೇಶದಲ್ಲಿ ಶಾಸ್ತ್ರವಿರುದ್ಧವಾದ ಮಾತು ಒಂದೂ ಇಲ್ಲ. ಆದರೂ ಅರಸನ ಹೃದಯದಲ್ಲಿ ಅದಕ್ಕೆ ಎಡೆ ದೊರೆಯದೆ, ಅದು ಗುರುವಿನ ಬಳಿಗೇ ಹಿಂದಿರುಗಿದಂತಾಯಿತೆಂದು ಕಾಳಿದಾಸನು ವರ್ಣಿಸುತ್ತಾನೆ. ಈ ಲೇಖಕನು ಪಾಠಶಾಲೆಯಲ್ಲಿ ಈ ಸರ್ಗವನ್ನು ಅನೇಕ ವರ್ಷಗಳ ಕಾಲ ಪಾಠ ಹೇಳಿದವನು. ಉಪದೇಶದ ಶ್ಲೋಕಗಳನ್ನು ಎರಡು ದಿನ ವಿಸ್ತರಿಸಿ, ಅದು ಹಿಂದಿರುಗಿದ ಶ್ಲೋಕವನ್ನು ಅನ್ವಯಮಾತ್ರದಿಂದ ಮುಗಿಸುವುದು ಅವನ ರೂಢಿಯಾಗಿತ್ತು. ಅದು ದೋಷವೆಂದು ತೋರಿದ್ದು ಆಂಗ್ಲಭಾಷೆಯ ಕ್ರೈಸ್ತ ಗ್ರಂಥಕಾರನೊಬ್ಬನ ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ. ಅಲ್ಲಿ ವಸಿಷ್ಠನೂ ಅಜನೂ ಒಬ್ಬನೇ.

ಆತನು ಸಿ. ಎಸ್. ಲೂಯಿಸ್. 1898ರಲ್ಲಿ ಬೆಲ್‌ಫಾಸ್ಟಿನಲ್ಲಿ ಜನಿಸಿ, ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ಯೌವನದಲ್ಲಿ ನಿರೀಶ್ವರವಾದಿಯಾಗಿದ್ದು, 1931ರಲ್ಲಿ ಕ್ರೈಸ್ತಮತಕ್ಕೆ ಮರಳಿದವನು. ಆಕ್ಸ್‌ಫರ್ಡಿನಲ್ಲಿ ಸಾಹಿತ್ಯದ ಅಧ್ಯಾಪಕ. ಆತನ ‘ದಿ ಪ್ರಾಬ್ಲಮ್ ಆಫ್ ಪೇನ್’ ಎಂಬ ಗ್ರಂಥವು 1940ರಲ್ಲಿ ಹೊರಬಂದಿತು. ದೇವರು ಸರ್ವಶಕ್ತನೂ ಹೌದು, ಪರಮ ಪ್ರೇಮಮಯನೂ ಹೌದು. ಹಾಗಿದ್ದಮೇಲೆ ಸೃಷ್ಟಿಯಲ್ಲಿ ದುಃಖವೇಕೆ ಎಂಬುದು ಅಲ್ಲಿನ ಪೂರ್ವಪಕ್ಷ. ನಮ್ಮವರಿಗೆ ಈ ಪ್ರಶ್ನೆ ಹೊಸದಲ್ಲ. ಈಶ್ವರನಿಗೆ ವೈಷಮ್ಯವೂ ನೈರ್ಘೃಣ್ಯವೂ ಅಂಟುವುವೆಂಬ ಆಕ್ಷೇಪವನ್ನು ಸೂತ್ರಕಾರರು ಎತ್ತಿಕೊಂಡು, ಜೀವಿಗಳ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಯೆಂದು ಪರಿಹರಿಸಿದ್ದಾರೆ. ಕ್ರೈಸ್ತನಿಗೆ ಪೂರ್ವಜನ್ಮವೆಂಬ ಈ ಊರುಗೋಲಿಲ್ಲ. ಆದುದರಿಂದ ಆಕ್ಷೇಪದ ಅಲಗು ಅವನನ್ನು ನೇರವಾಗಿ ತಾಗುತ್ತದೆ. ಲೂಯಿಸನು ಅದನ್ನು ಮರೆಮಾಚಲಿಲ್ಲ. ಸುಖದಲ್ಲಿ ಮೆಲ್ಲಗೆ ನುಡಿಯುವ ದೇವರು ಕಿವುಡಾದ ಲೋಕವನ್ನು ಎಚ್ಚರಿಸಲು ದುಃಖದಲ್ಲಿ ಕೂಗಿ ಕರೆಯುತ್ತಾನೆಂಬುದು ಅವನ ಪ್ರಸಿದ್ಧವಾದ ಸಮಾಧಾನ. ತರ್ಕವು ಸ್ವಚ್ಛವಾಗಿದೆ, ದೃಷ್ಟಾಂತಗಳು ಚೆನ್ನಾಗಿವೆ, ನನಗೆ ಕೇಳಿದರೆ ಬೇಕಾದುದಕ್ಕಿಂತ ತುಸು ಹೆಚ್ಚಾಗಿಯೇ ಚೆನ್ನಾಗಿವೆ.

ಆದರೆ ಪೀಠಿಕೆಯಲ್ಲಿ ಒಂದು ಮಾತಿದೆ. ಈ ಪುಸ್ತಕವನ್ನು ಹೆಸರಿಲ್ಲದೆ ಪ್ರಕಟಿಸಲು ತಾನು ಅನುಮತಿ ಬೇಡಿದೆನೆಂದೂ, ಇಲ್ಲಿ ಹೇಳಬೇಕಾದ ಧೈರ್ಯದ ಮಾತುಗಳು ತನ್ನಂಥವನ ಬಾಯಿಂದ ಬಂದವೆಂದು ತಿಳಿದರೆ ನಗೆಗೀಡಾಗುವುವೆಂದೂ, ಮಾಲಿಕೆಯ ನಿಯಮಕ್ಕೆ ಅದು ಹೊಂದದೆ ಅನುಮತಿ ದೊರೆಯಲಿಲ್ಲವೆಂದೂ ಅವನು ಬರೆಯುತ್ತಾನೆ. ಇದನ್ನು ವಿನಯದ ಔಪಚಾರಿಕ ವಾಕ್ಯವೆಂದು ದಾಟಿಹೋಗಬಾರದು.

ಅಮೆರಿಕದ ಲೇಖಕಿ ಜಾಯ್ ಡೇವಿಡ್‌ಮನ್ನಳನ್ನು ಲೂಯಿಸನು 1956ರಲ್ಲಿ ಕಾನೂನಿನ ರೀತ್ಯಾ ವಿವಾಹವಾದನು. ಆಕೆಗೆ ಮೂಳೆಯ ಅರ್ಬುದರೋಗವಿರುವುದು ತಿಳಿದ ಮೇಲೆ, 1957ರಲ್ಲಿ ಆಸ್ಪತ್ರೆಯ ಮಂಚದ ಪಕ್ಕದಲ್ಲಿಯೇ ಕ್ರೈಸ್ತವಿಧಿಯ ವಿವಾಹವೂ ನಡೆಯಿತು. ರೋಗವು ಕೆಲಕಾಲ ಹಿಮ್ಮೆಟ್ಟಿ ಮತ್ತೆ ಬಂದಿತು; 1960ರ ಜುಲೈ 13ರಂದು ಆಕೆ ತೀರಿಕೊಂಡಳು. ಮನೆಯಲ್ಲಿ ಸಿಕ್ಕಿದ ಬರೆಯುವ ಪುಸ್ತಕಗಳಲ್ಲಿ ಆತನು ಬರೆದಿಟ್ಟ ಟಿಪ್ಪಣಿಗಳೇ ‘ಎ ಗ್ರೀಫ್ ಅಬ್ಸರ್ವ್ಡ್’. 1961ರಲ್ಲಿ ಅದು ಎನ್. ಡಬ್ಲ್ಯೂ. ಕ್ಲರ್ಕ್ ಎಂಬ ಕಲ್ಪಿತನಾಮದಿಂದ ಅಚ್ಚಾಯಿತು. ಮೊದಲೆರಡು ಅಕ್ಷರಗಳು ಪ್ರಾಚೀನ ಆಂಗ್ಲದಲ್ಲಿ ‘ಯಾರೋ ಅರಿಯೆನು’ ಎಂಬರ್ಥದ ಮಾತಿನ ಸಂಕ್ಷೇಪ. ಉಪದೇಶಕ್ಕೆ ದೊರೆಯದ ಮರೆಯು ವಿಲಾಪಕ್ಕೆ ದೊರೆಯಿತು.

ಎರಡನೆಯ ಗ್ರಂಥವು ಮೊದಲನೆಯದರ ಖಂಡನವೆಂದು ಹೇಳುವುದುಂಟು. ಹಾಗೆ ಹೇಳಲು ಆಧಾರವಿಲ್ಲದೆ ಇಲ್ಲ. ಸುಖದ ದಿನಗಳಲ್ಲಿ ತೆರೆದೇ ಇದ್ದ ಬಾಗಿಲು ಕಷ್ಟಕಾಲದಲ್ಲಿ ಹೋಗಿ ತಟ್ಟಿದರೆ ಒಳಗಿನಿಂದ ಅಗಳಿಯಿಕ್ಕಿದಂತಿತ್ತೆಂದು ಆತನು ದೂರುತ್ತಾನೆ. ದೇವರು ಇಲ್ಲವೆಂದು ನಂಬುವ ಭಯ ಅವನಿಗಿಲ್ಲ. ದೇವರು ಕ್ರೂರಿಯೆಂದು ನಂಬಿಬಿಡುವೆನೋ ಎಂಬುದೇ ಭಯ. ನಮ್ಮ ಪಂಡಿತರು ಇದನ್ನು ನಿಂದಾಸ್ತುತಿಯೆಂದು ಸಂತೋಷಪಟ್ಟಾರು. ಅದು ಯುಕ್ತವಲ್ಲ. ನಿಂದಾಸ್ತುತಿಯಲ್ಲಿ ನಿಂದೆಯು ವ್ಯಾಜಮಾತ್ರ. ಭಕ್ತನಿಗೂ ಶ್ರೋತೃವಿಗೂ ಒಳಗಿನ ಸ್ತುತಿ ಮೊದಲೇ ತಿಳಿದಿರುತ್ತದೆ. ಲೂಯಿಸನ ನಿಂದೆಯಲ್ಲಿ ವ್ಯಾಜವಿಲ್ಲ. ಅದು ಎಲ್ಲಿಗೆ ಒಯ್ಯುವುದೆಂದು ಬರೆಯುವ ಹೊತ್ತಿಗೆ ಅವನಿಗೇ ಗೊತ್ತಿರಲಿಲ್ಲ. ಮುಂದೆ ತಾನೇ ಹಿಂದಿನ ಪುಟವನ್ನು ಓದಿ, ಅದು ವಿಚಾರವಾಗಿರಲಿಲ್ಲ, ಅರಚಾಟವಾಗಿತ್ತೆಂದು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡೂ ಆ ಪುಟವನ್ನು ಹರಿದುಹಾಕುವುದಿಲ್ಲ.

ಹಾಗಾದರೆ ನಂಬಿಕೆ ಉಳಿಯಿತೆನ್ನಲು ಪ್ರಮಾಣವೇನು? ವಾದದಲ್ಲಿ ಅದು ಸಿಕ್ಕುವುದಿಲ್ಲ, ವ್ಯಾಕರಣದಲ್ಲಿ ಸಿಕ್ಕುತ್ತದೆ. ಮೊದಲ ಪುಟಗಳಲ್ಲಿ ದೇವರು ಪ್ರಥಮಪುರುಷ: ಆತನು ಎಲ್ಲಿ, ಎಂಥವನು ಎಂಬ ವಿಚಾರಣೆ. ನಾಲ್ಕನೆಯ ಭಾಗದಲ್ಲಿ ಮಧ್ಯಮಪುರುಷನಾಗುತ್ತಾನೆ. ಅಗಲಿದವಳನ್ನು ಮತ್ತೆ ಕಾಣಬೇಕಾದರೆ ಕಾಣುವ ಆಸೆಯನ್ನೇ ಮೀರುವಷ್ಟು ನಿನ್ನನ್ನು ಪ್ರೀತಿಸಬೇಕೆ, ಇದೇ ನಿನ್ನ ಕರಾರೆ ಎಂದು ಸಂಬೋಧಿಸಿ ಕೇಳುತ್ತಾನೆ. ದೂರು ಹಾಗೆಯೇ ಇದೆ. ಈಗ ಅದು ಎದುರಿಗೆ ನಿಂತು ಹೇಳುವ ದೂರು. ಬಾಗಿಲಿನ ವಿಷಯದಲ್ಲಿಯೂ ಅವನ ಮಾತು ಅಷ್ಟರಲ್ಲಿ ಬದಲಾಗಿದೆ: ತಾನು ಉದ್ವೇಗದಿಂದ ಬಡಿದ ಸದ್ದೇ ತನ್ನ ಕಿವಿಯನ್ನು ಮುಚ್ಚಿರಬಹುದೇ ಎಂದು ಶಂಕಿಸುತ್ತಾನೆ. ಕ್ರೈಸ್ತರ ಹಳೆಯ ಒಡಂಬಡಿಕೆಯ ಯೋಬನ ಗ್ರಂಥದಲ್ಲಿಯೂ ಕ್ರಮವು ಇದೇ. ಯೋಬನ ಮೂವರು ಗೆಳೆಯರು ದೇವರ ವಿಷಯವಾಗಿ ಸಮರ್ಥನೆಯ ಮಾತನಾಡುತ್ತಾರೆ. ಯೋಬನು ದೇವರೊಡನೆಯೇ ವ್ಯಾಜ್ಯಕ್ಕಿಳಿಯುತ್ತಾನೆ. ಕೊನೆಗೆ ದೇವರು ಸರಿಯಾಗಿ ನುಡಿದವನೆಂದು ಒಪ್ಪುವುದು ಯೋಬನನ್ನು, ಗೆಳೆಯರನ್ನಲ್ಲ. ಅವರು ಮೊದಲ ಏಳು ದಿನ ಮೌನವಾಗಿ ಜೊತೆಯಲ್ಲಿ ಕುಳಿತದ್ದೊಂದೇ ಅವರು ಮಾಡಿದ ಉಪಕಾರ.

ದೋಷವನ್ನೂ ಹೇಳಬೇಕು. ಕರುಣೆಯಿರುವ ಶಸ್ತ್ರವೈದ್ಯನು ರೋಗಿಯ ಕೂಗಿಗೆ ಕೈ ನಿಲ್ಲಿಸನೆಂಬ ಉಪಮೆಯನ್ನು ಎರಡನೆಯ ಗ್ರಂಥದಲ್ಲಿ ತರುತ್ತಾನೆ. ಇದು ಮೊದಲ ಗ್ರಂಥದ ಉಪಾಧ್ಯಾಯನು ಹಿಂಬಾಗಿಲಿಂದ ಬಂದಂತೆ ನನಗೆ ಕಾಣುತ್ತದೆ. ಆಸ್ಪತ್ರೆಯ ಮಂಚವನ್ನು ಕಂಡವನ ಬಾಯಲ್ಲಿ ಆ ಮಾತಿಗೆ ಭಾರ ಬಂದಿದೆಯೆಂದು ಕೆಲವರು ಹೇಳಬಹುದು. ಇರಬಹುದು. ಆದರೆ ಗುಣವಾಗಿ ಮನೆಗೆ ಮರಳುವ ರೋಗಿಗೆ ಒಪ್ಪುವ ಉಪಮೆಯು ತೀರಿಕೊಂಡವಳಿಗೆ ಹೇಗೆ ಒಪ್ಪುವುದೆಂಬ ಪ್ರಶ್ನೆಯನ್ನು ಅದು ಉತ್ತರಿಸುವುದಿಲ್ಲ.

ಅಜನು ಬಾಲನಾದ ದಶರಥನಿಗಾಗಿ ಎಂಟು ವರ್ಷ ಬದುಕಿದ್ದು, ಗಂಗಾಸರಯೂ ಸಂಗಮದಲ್ಲಿ ದೇಹವನ್ನು ಬಿಟ್ಟನು. ಲೂಯಿಸನು ಪತ್ನಿಯ ಇಬ್ಬರು ಗಂಡುಮಕ್ಕಳನ್ನು ತನ್ನ ಆಶ್ರಯದಲ್ಲಿಟ್ಟುಕೊಂಡು ಮೂರು ವರ್ಷ ಬದುಕಿ, 1963ರ ನವೆಂಬರ್ 22ರಂದು ನಿಧನನಾದನು. ಆ ಚಿಕ್ಕ ಪುಸ್ತಕವು ಅವನ ಸ್ವಂತ ಹೆಸರಿನಲ್ಲಿ ಅಚ್ಚಾದದ್ದು ಅನಂತರವೇ.